ಲಗತ್ತು: ಕಾರು ಒಂದು

ಆ ವರ್ಷದ ಮೊದಲ ವಾರದಲ್ಲಿ ಊರಿನ ನಾನೂರ ಹನ್ನೆರಡು ಹಳೆಯ ಕಾರುಗಳು ತಲಾ ನಾಲ್ಕು ಅಂಗುಲ ಕುಗ್ಗಿರುವುದು ಅಧಿಕೃತವಾಗಿ ತಿಳಿದುಬಂತು.

ತಿಳಿದದ್ದು ಹೀಗೆ. ಹಳೆಯ ವಾಹನಗಳ ಅಳತೆ ಮತ್ತು ಅಂದದ ಕಚೇರಿಗೆ ಉಕ್ಕಿನ ಹೊಸ ಟೇಪು ಬಂತು. ಅದಕ್ಕೆ ಬೇಡಿಕೆ ಕಳಿಸಿ ಒಂಬತ್ತು ವರ್ಷವಾಗಿತ್ತು. ಬಂದ ಖುಷಿಗೆ ಬಾಗಿಲಲ್ಲಿ ನಿಂತಿದ್ದ ಒಂದು ಕಾರನ್ನು ಅಳೆದು ನೋಡಿದರು. ದಾಖಲೆಯಲ್ಲಿ ನೂರ ಐವತ್ತೆರಡು ಅಂಗುಲ. ಟೇಪಿನಲ್ಲಿ ನೂರ ನಲವತ್ತೆಂಟು. ಪಕ್ಕದ ಕಾರನ್ನು ಅಳೆದರು. ಅದೂ ನಾಲ್ಕು ಕಮ್ಮಿ. ಶನಿವಾರದ ಹೊತ್ತಿಗೆ ಊರೆಲ್ಲ ಅಳೆದಾಗಿತ್ತು. ಒಂದು ಕಾರೂ ತಪ್ಪಿಸಿಕೊಂಡಿರಲಿಲ್ಲ.

ಅಧಿಕಾರಿಗಳು ಗಾಬರಿಯಾಗಲಿಲ್ಲ. ಗಾಬರಿಯಾಗುವುದಕ್ಕೆ ಬೇರೆ ವಿಭಾಗವಿದೆ. ಅದು ಮೇಲಿನ ಮಹಡಿಯಲ್ಲಿದೆ. ಅವರು ಒಂದು ಪ್ರಕಟಣೆ ಹೊರಡಿಸಿದರು.

"ಇಪ್ಪತ್ತೈದು ವರ್ಷ ಮೀರಿದ ಕಾರುಗಳು ವಯೋಸಹಜವಾಗಿ ಕುಗ್ಗಿರುವುದು ಕಂಡುಬಂದಿದೆ. ಮುಂದಿನ ಬಂಪರನ್ನು ಎರಡು ಅಂಗುಲ ಮುಂದಕ್ಕೂ, ಹಿಂದಿನ ಬಂಪರನ್ನು ಎರಡು ಅಂಗುಲ ಹಿಂದಕ್ಕೂ ಸರಿಸಿ, ದಾಖಲೆಯ ಉದ್ದವನ್ನು ಕಾರಿಗೆ ಮರಳಿ ದೊರಕಿಸಿಕೊಡತಕ್ಕದ್ದು. ಹಾಗೆ ಸರಿಸುವಾಗ ತುಕ್ಕು ಉಜ್ಜಿ, ಹೊಳಪು ಕೊಟ್ಟು, ಬಂಪರಿನ ಹಳೆಯ ರಬ್ಬರು ಪಟ್ಟಿಗಳನ್ನು ಕಿತ್ತು ಹೊಸದನ್ನು ಹಾಕತಕ್ಕದ್ದು. ತಿಂಗಳ ಕೊನೆಯೊಳಗೆ ಉದ್ದವಾಗದ ಕಾರುಗಳನ್ನು ಗುಜರಿಗೆ ಒಪ್ಪಿಸಲಾಗುವುದು."

ಈ ಪ್ರಕಟಣೆಯ ಒಂದು ಪ್ರತಿಯನ್ನು ದರ್ಜಿಯ ಅಂಗಡಿಯ ಬಾಗಿಲಿಗೂ ಅಂಟಿಸಿದರು. ದರ್ಜಿ ಅಕ್ಷರ ಕೂಡಿಸಿಕೊಂಡು ಓದುವವನು. ಅಷ್ಟೂ ಓದುವುದಕ್ಕೆ ಅವನಿಗೆ ಒಂದು ಪ್ಯಾಂಟು ಹೊಲಿಯುವಷ್ಟು ಹೊತ್ತು ಹಿಡಿಯಿತು. ನಾಲ್ಕು ಅಂಗುಲ ಅನ್ನುವಲ್ಲಿಗೆ ಬಂದಾಗ ನಿಂತ. ಮತ್ತೆ ಮೊದಲಿಂದ ಓದಿದ. ಆಮೇಲೆ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತ.

ಆ ನಾಲ್ಕು ಅಂಗುಲ ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು.

ದರ್ಜಿಯ ಮನೆಯಲ್ಲಿ ಕಾರು ಓಡಿಸುತ್ತಿದ್ದದ್ದು ಹೆಂಡತಿ. ಅವನು ಹೊಲಿಯುತ್ತಿದ್ದ, ಅವಳು ಓಡಿಸುತ್ತಿದ್ದಳು. ಶಾಲೆಗಳ ಸಮವಸ್ತ್ರದ ಗಂಟುಗಳನ್ನು ಹಿಂದೆ ತುಂಬಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದಳು. ಅವಳಿಗೆ ಸೂಜಿ ಹಿಡಿಯಲು ಬರುತ್ತಿರಲಿಲ್ಲ. ದರ್ಜಿಯ ಹೆಂಡತಿಗೆ ಗುಂಡಿ ಹಚ್ಚಲು ಬರುವುದಿಲ್ಲ ಅಂತ ಅವನೇ ಬಂದ ಗಿರಾಕಿಗಳಿಗೆಲ್ಲ ಹೇಳಿ ನಗುತ್ತಿದ್ದ. ಅವಳೂ ಬಿಡುತ್ತಿರಲಿಲ್ಲ. "ನಿಮಗೆ ಗೇರು ಯಾವುದು, ಕೊಡೆ ಹಿಡಿ ಯಾವುದು ಅಂತ ಗೊತ್ತಿಲ್ಲ. ಸುಮ್ನೆ ಕೂತ್ಕೊಳ್ಳಿ" ಅನ್ನುತ್ತಿದ್ದಳು.

ಅವಳು ಹೋಗಿ ಒಂದು ವರ್ಷ ಎರಡು ತಿಂಗಳು.

ಆಮೇಲೆ ಅವನು ಓಡಿಸುವುದು ಕಲಿತ. ಶಾಲೆಗಳಿಗೆ ಬಟ್ಟೆ ಮುಟ್ಟಬೇಕಲ್ಲ. ಈಗಲೂ ಕಾರಿನ ಹತ್ತಿರ ಹೋದರೆ ಮೊದಲು ಪಕ್ಕದ ಸೀಟಿನ ಬಾಗಿಲು ತೆಗೆದು ಕೂರುತ್ತಾನೆ. ಸ್ವಲ್ಪ ಹೊತ್ತು ಕಾಯುತ್ತಾನೆ. ಆಮೇಲೆ ನೆನಪಾಗುತ್ತದೆ. ಇಳಿದು, ಸುತ್ತಿ ಬಂದು, ಆ ಕಡೆ ಕೂರುತ್ತಾನೆ.

ನಾಲ್ಕು ಅಂಗುಲದ ಸಂಗತಿ ಒಂಬತ್ತು ವರ್ಷದ ಹಿಂದಿನದು. ಅವಳು ಶಾಲೆಯ ಗೇಟಿನಲ್ಲಿ ಕಾರು ಹಿಂದಕ್ಕೆ ತೆಗೆಯುವಾಗ ಕಲ್ಲಿನ ಕಂಬಕ್ಕೆ ಹೊಡೆಸಿದಳು. ಕಂಬ ಮೊದಲು ಅಲ್ಲಿರಲಿಲ್ಲ ಅಂತ ಅವಳ ವಾದ. ಹಿಂದಿನ ಬಂಪರಿನ ಉದ್ದಕ್ಕೂ ಇದ್ದ ರಬ್ಬರು ಪಟ್ಟಿ ನಡುವೆ ಹರಿದು ಎರಡಾಯಿತು. ಗಂಡನಿಗೆ ಗೊತ್ತಾಗಬಾರದು ಅಂತ ಅಂಗಡಿಯಿಂದ ಒಂದು ದಬ್ಬಣ, ಕೆಂಪು ದಾರ ತಗೊಂಡಳು. ಹರಿದ ಎರಡು ತುದಿಗಳ ಮೇಲೆ ಇಡುವುದಕ್ಕೆ ಒಂದು ಗಟ್ಟಿ ಪಟ್ಟಿ ಬೇಕಿತ್ತು. ಕೈಗೆ ಸಿಕ್ಕಿದ್ದು ಅವನ ಐದು ಗಜದ ಅಳತೆ ಟೇಪು. ಮುಂದಿನಿಂದ ನಾಲ್ಕು ಇಂಚು ಕತ್ತರಿಸಿದಳು. ಹತ್ತೊಂಬತ್ತು ಹೊಲಿಗೆ ಹಾಕಿದಳು. ಒಂದು ಮೇಲೆ, ಒಂದು ಕೆಳಗೆ, ಒಂದು ಎತ್ತಲೋ.

ಅವನಿಗೆ ಗೊತ್ತಾಗಿದ್ದು ಮಾರನೇ ದಿನ. ಹೆಡ್‌ಮಾಸ್ತರರ ಸೊಂಟ ನಲವತ್ನಾಲ್ಕು ಬಂತು. ಅವರು ಎರಡು ದಿನ ಊಟ ಬಿಟ್ಟರು.

ಅದೇ ವಾರ ಅಳತೆ ಕಚೇರಿಯ ಗುಮಾಸ್ತ ಅಂಗಡಿಗೆ ಬಂದಿದ್ದ. ಊರಿನ ಕಾರುಗಳನ್ನೆಲ್ಲ ಅಳೆದು ದಾಖಲೆ ಮಾಡಬೇಕು, ಕಚೇರಿಯ ಟೇಪು ಕಳೆದುಹೋಗಿದೆ, ಹೊಸದು ನಾಳೆ ನಾಡಿದ್ದರಲ್ಲಿ ಬರುತ್ತದೆ, ಅಲ್ಲಿಯವರೆಗೆ ಒಂದು ಟೇಪು ಕೊಡು ಅಂದ. ದರ್ಜಿ ಆ ಮೊಂಡು ಟೇಪು ಕೊಟ್ಟ. "ಇದು ನಾಲ್ಕರಿಂದ ಶುರುವಾಗ್ತದೆ. ಬಂದ ಲೆಕ್ಕದಲ್ಲಿ ನಾಲ್ಕು ಕಳೀರಿ" ಅಂದ. ಗುಮಾಸ್ತ ತಲೆ ಆಡಿಸಿದ. ಸ್ವೀಕೃತಿ ಬರೆದುಕೊಟ್ಟ: "ಟೇಪು, ಬಟ್ಟೆಯದು, ಒಂದು. ಪೂರ್ಣ." ಮಾರನೇ ದಿನ ಅವನು ರಜೆ ಹಾಕಿದ. ಕಾರುಗಳನ್ನು ಅಳೆದವರು ಬೇರೆಯವರು. ಯಾರೂ ಏನೂ ಕಳೆಯಲಿಲ್ಲ.

ಸಂಗತಿ ಇಷ್ಟೇ. ಇಷ್ಟನ್ನು ಹೇಳಿದರೆ ಮುಗಿಯಿತು ಅಂತ ದರ್ಜಿ ಆ ಸ್ವೀಕೃತಿ ಹಿಡಿದು ಕಚೇರಿಗೆ ಹೋದ.

ಅಧಿಕಾರಿಗಳು ಪೂರ್ತಿ ಕೇಳಿದರು. ಗುಮಾಸ್ತನನ್ನು ಕರೆಸಿದರು. ಅವನು ಬೀರುವಿನಿಂದ ಹಳೆಯ ಟೇಪು ತಂದ. ಮೇಜಿನ ಮೇಲೆ ಬಿಚ್ಚಿದರು.

"ನೋಡಿ ಸಾರ್. ನಾಲ್ಕರಿಂದ ಶುರುವಾಗ್ತದೆ" ಅಂದ ದರ್ಜಿ.

"ಎಲ್ಲಿಂದಲೋ ಶುರುವಾಗಲೇಬೇಕಲ್ಲ?" ಅಂದರು ಅಧಿಕಾರಿಗಳು.

"ಸೊನ್ನೆಯಿಂದ ಆಗಬೇಕು ಸಾರ್."

"ಸೊನ್ನೆ ಅಂದರೆ ಏನೂ ಇಲ್ಲ ಅಂತ. ಏನೂ ಇಲ್ಲದ ಕಡೆಯಿಂದ ಸರ್ಕಾರಿ ಕೆಲಸ ಶುರು ಮಾಡೋಕಾಗಲ್ಲ." ಅವರು ಸ್ವೀಕೃತಿ ಎತ್ತಿ ಬೆಳಕಿಗೆ ಹಿಡಿದರು. "ಇಲ್ಲಿ ಪೂರ್ಣ ಅಂತ ಬರೆದಿದೆ. ಏನಯ್ಯಾ, ನೀನೇ ಬರೆದದ್ದಾ?"

"ನಾನೇ ಸಾರ್" ಅಂದ ಗುಮಾಸ್ತ. "ಪೂರ್ಣ ಅಂತಲೇ ಬರೆಯೋದು ಸಾರ್. ಅರ್ಧ ಅಂತ ಬರೆಯೋಕೆ ಕಾಲಮ್ಮಿಲ್ಲ."

"ಕೇಳಿದಿರಾ? ಟೇಪು ಪೂರ್ಣ. ದಾಖಲೆ ಸರಿ. ಕುಗ್ಗಿದ್ದು ಕಾರು."

"ನಾಲ್ಕು ಇಂಚು ಎಲ್ಲಿದೆ ಅಂತ ತೋರಿಸಿದರೆ?"

ಅಧಿಕಾರಿಗಳು ಯೋಚಿಸಿದರು. ಅವರು ಕೆಟ್ಟವರಲ್ಲ. ನಿಯಮದ ಪುಸ್ತಕ ತೆಗೆದು, ಬೆರಳು ಒದ್ದೆ ಮಾಡಿಕೊಂಡು ಹಾಳೆ ಮಗುಚಿದರು. "ತೋರಿಸೋದು ಅಂತಿಲ್ಲ. ಲಗತ್ತಿಸತಕ್ಕದ್ದು ಅಂತಿದೆ. ಅರ್ಜಿ ಬರೆದು, ಅದಕ್ಕೆ ಆ ನಾಲ್ಕು ಅಂಗುಲ ಲಗತ್ತಿಸಿ ಕೊಡಿ. ಪರಿಶೀಲಿಸ್ತೀವಿ."

ಲಗತ್ತಿಸಬೇಕಾದರೆ ಹೊಲಿಗೆ ಬಿಚ್ಚಬೇಕು. ಬಿಚ್ಚದಿದ್ದರೆ ತಿಂಗಳ ಕೊನೆಗೆ ಪಟ್ಟಿ ಹೇಗಿದ್ದರೂ ಕಿತ್ತು ಹೋಗುತ್ತದೆ, ಇಲ್ಲವೇ ಕಾರೇ ಹೋಗುತ್ತದೆ. ದರ್ಜಿ ಸ್ವೀಕೃತಿ ಮಡಚಿ ಜೇಬಿಗೆ ಹಾಕಿಕೊಂಡು ಹೊರಗೆ ಬಂದ.

ಅಷ್ಟರಲ್ಲಿ ಊರು ಉದ್ದವಾಗತೊಡಗಿತ್ತು.

ಗ್ಯಾರೇಜಿನ ಟಿಂಕರ್ ಹಳೆಯ ಮಂಚಗಳನ್ನು ಕತ್ತರಿಸಿ ಬ್ರಾಕೆಟ್ ಮಾಡುತ್ತಿದ್ದ. ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು, ಬಂಪರ್ ಕಳಚಿ, ನೀರು ಹಾಕಿಕೊಂಡು ಮೊದಲು ಒರಟು ಉಪ್ಪುಕಾಗದದಲ್ಲಿ, ಆಮೇಲೆ ನಯವಾದದ್ದರಲ್ಲಿ ತುಕ್ಕು ತೆಗೆಯುತ್ತಿದ್ದ. ಹೊಳಪು ಹತ್ತಿಸಿ, ಎರಡೆರಡು ಅಂಗುಲ ಆಚೆಗೆ ಕೂರಿಸುತ್ತಿದ್ದ. ಕಾರುಗಳೆಲ್ಲ ಮೇಜಿನ ಖಾನೆ ಮುಚ್ಚಲು ಮರೆತ ಹಾಗೆ ಕಾಣುತ್ತಿದ್ದವು. ಕಾರಿಗೂ ಬಂಪರಿಗೂ ನಡುವೆ ಬಿದ್ದ ಸಂದಿಯಲ್ಲಿ ಜನ ಕೊಡೆ ಇಟ್ಟರು, ಪತ್ರಿಕೆ ಇಟ್ಟರು. ಪೇಟೆ ಬೀದಿಯಲ್ಲಿ ಮೊದಲು ಮೂವತ್ತು ಕಾರು ನಿಲ್ಲುತ್ತಿದ್ದವು. ಈಗ ಇಪ್ಪತ್ತೊಂಬತ್ತು. ಮೂವತ್ತನೆಯವನು ಯಾರಾದರೂ ಹೊರಡುವ ತನಕ ಬೀದಿ ಸುತ್ತುತ್ತಿದ್ದ. ಡಾಕ್ಟರ ಮನೆಯ ಷೆಡ್ಡಿನ ಬಾಗಿಲು ಮುಚ್ಚಲು ಬರಲಿಲ್ಲ. ಅವರು ಗೋಡೆಗೆ ಒಂದು ಕಿಂಡಿ ಮಾಡಿಸಿದರು. ಗೋಡೆಯ ಆಚೆ ಅಡುಗೆಮನೆ. ಅಡುಗೆಯವಳು ಒಲೆ ಪಕ್ಕ ಬಂದ ಬಂಪರಿನ ಮೇಲೆ ಕೈವಸ್ತ್ರ ಒಣಹಾಕಿದಳು. ಅಡುಗೆಮನೆಗೆ ಒಂದು ಕಳೆ ಬಂತು ಅಂದಳು.

ಯಾರೂ ದೂರಲಿಲ್ಲ. ವಯಸ್ಸಾದ ಮೇಲೆ ಕುಗ್ಗುವುದು ಸಹಜ ಅಂತ ಎಲ್ಲರಿಗೂ ಅನುಭವವಿತ್ತು.

ದರ್ಜಿಯ ಕಾರೂ ಗ್ಯಾರೇಜಿಗೆ ಹೋಯಿತು. ಮುಂದಿನ ಬಂಪರಿಗೆ ಹೊಳಪು ಬಂತು. ಅದನ್ನು ಇದ್ದಲ್ಲೇ ಕೂರಿಸು, ಆಚೆಗೆ ಸರಿಸಬೇಡ ಅಂತ ದರ್ಜಿ ಹೇಳಿದ. ಟಿಂಕರ್ ಸ್ಕ್ರೂಡ್ರೈವರ್ ಹಿಡಿದು ಹಿಂದಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತ.

"ಟೈಲರಣ್ಣಾ, ಇದೇನಿದು ಹೊಲಿಗೆ? ಕಾಲು ಉಳುಕಿದ ಇರುವೆ ನಡೆದ ಹಾಗಿದೆ. ನೀನು ಹಾಕಿದ್ದಾ?"

"ಅಲ್ಲ."

"ಮತ್ಯಾರು ಆ ಪುಣ್ಯಾತ್ಮ? ಟೇಪು ಬೇರೆ ಹಚ್ಚಿದಾನೆ..." ಟಿಂಕರ್ ಅರ್ಧಕ್ಕೆ ನಿಲ್ಲಿಸಿದ. ತಲೆ ಎತ್ತಿ ನೋಡಿದ. "ಅತ್ತಿಗೆದಾ?"

"ಹೂಂ."

ಟಿಂಕರ್ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿದ. ಬಟ್ಟೆಯಲ್ಲಿ ಕೈ ಒರೆಸಿದ, ಒರೆಸಿಯೇ ಒರೆಸಿದ. "ಗಟ್ಟಿಯಾಗಿದೆ ಅಣ್ಣ" ಅಂದ. "ಇಷ್ಟು ವರ್ಷ ತಡೀಬೇಕು ಅಂದರೆ ಹುಡುಗಾಟ ಅಲ್ಲ."

"ಚೆನ್ನಾಗಿಲ್ಲ."

"ಚೆನ್ನಾಗಿಲ್ಲ. ಗಟ್ಟಿಯಾಗಿದೆ."

ತಿಂಗಳ ಕೊನೆಗೆ ನಾಲ್ಕು ದಿನ ಉಳಿಯಿತು. ದರ್ಜಿ ನಾದಿನಿಯ ಹತ್ತಿರ ಹೋದ. ಹೆಂಡತಿಯ ತಂಗಿ. ಕಚೇರಿಯ ಮುಂದಿನ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುವವಳು. ಹದಿನೆಂಟು ವರ್ಷದಿಂದ ಬರೆಯುತ್ತಿದ್ದಾಳೆ. ಒಳಗೆ ಕೂತವರಿಗಿಂತ ನಿಯಮ ಅವಳಿಗೆ ಹೆಚ್ಚು ಗೊತ್ತು.

"ಏನ್ ಭಾವ, ಕಂಬದ ಹಾಗೆ ನಿಂತಿದೀರಿ? ಕೂತ್ಕೊಳ್ಳಿ, ಅಕ್ಕ ಬಂದು ಗುದ್ದೋದಿಲ್ಲ" ಅಂದಳು. ಅಂದ ಮೇಲೆ ತುಟಿ ಕಚ್ಚಿಕೊಂಡಳು.

ದರ್ಜಿ ಕೂತ. ಎಲ್ಲ ಹೇಳಿದ. ಅವಳು ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡಳು.

"ಬಿಚ್ಚಿ ಕೊಟ್ಟುಬಿಡಿ ಭಾವ. ನಾಲ್ಕು ಇಂಚು ಕೊಟ್ಟರೆ ಊರೇ ಉಳಿಯುತ್ತೆ."

"ಊರು ಉಳಿಯುತ್ತೆ."

"ಮತ್ತೆ?"

ಅವನು ಬೆರಳಿನ ಉಗುರು ನೋಡಿಕೊಂಡ. "ಅವಳು ಹೊಲಿದಿದ್ದು ಅದೊಂದೇ."

ನಾದಿನಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಅಕ್ಕನಿಗೆ ಹೊಲಿಯೋಕೆ ಬರಲ್ಲ ಅಂತ ಊರಿಗೆಲ್ಲ ಡಂಗುರ ಹೊಡೆದೋರು ನೀವೇ."

"ಈಗಲೂ ಹೇಳ್ತೀನಿ. ಬರ್ತಿರಲಿಲ್ಲ."

"ನಿಮ್ಮನ್ನ ಏನ್ ಮಾಡೋದು!" ಅವಳು ಕನ್ನಡಕ ಹಾಕಿಕೊಂಡು ನಿಯಮದ ಪುಸ್ತಕ ಎಳೆದುಕೊಂಡಳು. ಸುಮಾರು ಹೊತ್ತು ಓದಿದಳು. ಮಧ್ಯೆ ಇಬ್ಬರಿಗೆ ಅರ್ಜಿ ಬರೆದು ಕಳಿಸಿದಳು. ಆಮೇಲೆ ಒಂದು ಕಡೆ ಬೆರಳಿಟ್ಟಳು. "ಲಗತ್ತು ಎಷ್ಟು ದೊಡ್ಡದಿರಬೇಕು ಅಂತ ಎಲ್ಲೂ ಬರೆದಿಲ್ಲ. ದಾರದಿಂದ ಅರ್ಜಿಗೆ ಕಟ್ಟಿರಬೇಕು ಅಂತ ಮಾತ್ರ ಇದೆ. ನಿಮ್ಮ ಹತ್ತಿರ ದಾರ ಇದೆಯಲ್ಲ?"

"ದಾರಕ್ಕೇನು."

"ಹಾಗಾದ್ರೆ ಕಾರನ್ನೇ ಲಗತ್ತಿಸಿ" ಅಂದಳು. ಅರ್ಜಿ ಬರೆದಳು. ಕೊನೆಗೆ ಕೆಳಗೆ ಗೆರೆ ಎಳೆದು ಬರೆದಳು: "ಲಗತ್ತು: ಕಾರು ಒಂದು."

ಮಾರನೇ ಬೆಳಿಗ್ಗೆ ದರ್ಜಿ ಕಾರನ್ನು ಗುಮಾಸ್ತನ ಕಿಟಕಿಯ ಹೊರಗೆ ತಂದು ನಿಲ್ಲಿಸಿದ. ಹಿಂದಿನ ಬಂಪರಿಗೆ ದಾರದ ತುದಿ ಕಟ್ಟಿದ. ಉಂಡೆ ಬಿಡಿಸುತ್ತ ಕಿಟಕಿಯ ಸರಳಿನೊಳಗಿಂದ ಹಾಯಿಸಿ, ಒಳಗೆ ಬಂದು, ಇನ್ನೊಂದು ತುದಿಯನ್ನು ಅರ್ಜಿಯ ಮೂಲೆಗೆ ಕಟ್ಟಿದ. ಎರಡೂ ಕಡೆ ದರ್ಜಿಯ ಗಂಟು.

ಗುಮಾಸ್ತ ಅರ್ಜಿ ಓದಿದ. "ಲಗತ್ತು ಎಲ್ಲಿ?"

"ದಾರ ಹಿಡಿದು ನೋಡಿ."

ಗುಮಾಸ್ತ ದಾರ ಹಿಡಿದು ಕಿಟಕಿಯ ತನಕ ಹೋದ. ಹೊರಗೆ ನೋಡಿದ. ವಾಪಸು ಬಂದು ಕೂತ. "ಕಾರು ಒಂದೇ ತಾನೇ? ಎರಡು ಪ್ರತಿ ಬೇಕಿತ್ತು."

"ಇರೋದೇ ಒಂದು."

"ಹೋಗ್ಲಿ ಬಿಡಿ." ಅವನು ಸೀಲು, ಇಂಕಿನ ಡಬ್ಬಿ ಹಿಡಿದು ಹೊರಗೆ ಬಂದ. ಬಂಪರಿನ ಲೋಹದ ಮೇಲೆ ಇಂಕು ನಿಲ್ಲಲಿಲ್ಲ. ರಬ್ಬರಿನ ಮೇಲೆ ಒತ್ತಿದ, ಕೂತಿತು. ಪಕ್ಕದಲ್ಲಿ ತಾರೀಖು ಬರೆದ.

ಆ ಗಳಿಗೆಯಿಂದ ಕಾರು ಕಡತವಾಯಿತು.

ಇದರಿಂದ ಕೆಲವು ಅನುಕೂಲಗಳಾದವು. ಕಡತಕ್ಕೆ ಸೇರಿದ ಯಾವುದನ್ನೂ ಉಜ್ಜುವುದು, ತಿದ್ದುವುದು, ಬದಲಿಸುವುದು ಅಪರಾಧ. ನಯವಾದ ಉಪ್ಪುಕಾಗದ ಹಿಡಿದು ಬಂದ ಟಿಂಕರ್‌ನನ್ನು ಕಾವಲಿನವನು ಗೇಟಿನಲ್ಲೇ ತಡೆದ. ಕಡತವನ್ನು ಗುಜರಿಗೆ ಹಾಕಲು ಮೂವತ್ತು ವರ್ಷ ಕಾಯಬೇಕು. ತಿಂಗಳ ಕೊನೆ ಬಂತು, ಹೋಯಿತು. ಕಾರಿಗೆ ಏನೂ ಆಗಲಿಲ್ಲ.

ಒಂದು ಅನನುಕೂಲವೂ ಆಯಿತು.

"ಸಂಜೆ ಮನೆಗೆ ಒಯ್ಯಲಾ?" ಅಂತ ಕೇಳಿದ ದರ್ಜಿ.

"ಕಡತ ಮನೆಗೆ ಒಯ್ಯೋಕೆ ನೀವೇನು ಅಧಿಕಾರಿಗಳಾ?" ಅಂದ ಗುಮಾಸ್ತ.

ದರ್ಜಿ ನಡೆದು ಮನೆಗೆ ಹೋದ. ಬಟ್ಟೆಯ ಗಂಟು ಹೆಗಲ ಮೇಲೆ ಹೊತ್ತು ಶಾಲೆಗಳಿಗೆ ಕೊಟ್ಟು ಬಂದ. ಕಾರು ಇಲ್ಲದ ಮನೆಯ ಮುಂದೆ ಅಷ್ಟು ಜಾಗ ಇದೆ ಅಂತ ಅವನಿಗೆ ಗೊತ್ತಿರಲಿಲ್ಲ.

ಕಡತ ಅಂದಮೇಲೆ ಅದು ಮೇಜಿನಿಂದ ಮೇಜಿಗೆ ಚಲಿಸಬೇಕು. ಗುಮಾಸ್ತನ ಕಿಟಕಿಯಿಂದ ಅಧಿಕಾರಿಗಳ ಕಿಟಕಿಗೆ ನಡುವೆ ಮೂರು ಕಿಟಕಿಗಳಿದ್ದವು. ಒಂದೊಂದು ಕಿಟಕಿಯಲ್ಲಿ ಒಬ್ಬರು ತಲೆ ಹೊರಗೆ ಹಾಕಿ ನೋಡಿ, "ನೋಡಿದೆ, ಮುಂದಕ್ಕೆ ಕಳಿಸಿ" ಅಂತ ಚೀಟಿ ಬರೆದು ವೈಪರಿಗೆ ಸಿಕ್ಕಿಸುತ್ತಿದ್ದರು. ಆಗ ಅಂಗಡಿಗೆ ಹೇಳಿಕಳಿಸುತ್ತಿದ್ದರು: "ಕಡತ ಚಲಿಸಬೇಕಂತೆ, ಬರಬೇಕಂತೆ." ದರ್ಜಿ ಕೈಯಲ್ಲಿದ್ದ ತೋಳು, ಕಾಲರು ಬಿಟ್ಟು ಬರುತ್ತಿದ್ದ. ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ. ಕಾಯುತ್ತಿದ್ದ. ಇಳಿದು ಸುತ್ತಿ ಬಂದು, ಹತ್ತು ಅಡಿ ಮುಂದಕ್ಕೆ ಓಡಿಸಿ, ನಿಲ್ಲಿಸಿ, ಹೋಗುತ್ತಿದ್ದ. ದಾರವೂ ಜೊತೆಗೆ ಚಲಿಸುತ್ತಿತ್ತು. ಹತ್ತು ಅಡಿಗೆ ಒಂಬತ್ತು ದಿನ. ಇದು ಬಹಳ ಬೇಗ ಅಂತ ನಾದಿನಿ ಹೇಳಿದಳು. ಸಾಮಾನ್ಯವಾಗಿ ಕಡತಕ್ಕೆ ಇಂಜಿನ್ ಇರುವುದಿಲ್ಲ.

ಐದನೆಯ ಕಿಟಕಿ ಮುಟ್ಟಿದಾಗ ಶುಕ್ರವಾರ. ಅಧಿಕಾರಿಗಳು ಕಡತದ ಮೇಲೆ ಕೈಯಿಟ್ಟು, "ಇದನ್ನ ಪ್ರಶಾಂತವಾಗಿ ನೋಡಬೇಕು. ಮನೆಗೆ ಒಯ್ತೀನಿ" ಅಂದರು.

ದರ್ಜಿಯನ್ನು ಕರೆಸಿದರು. ಅವನು ಬಂದು ಪಕ್ಕದ ಬಾಗಿಲು ತೆಗೆದ. ಒಳಗೆ ಅಧಿಕಾರಿಗಳು ಕೂತಿದ್ದರು, ಮಡಿಲಲ್ಲಿ ಹಳೆಯ ಟೇಪು. ದರ್ಜಿ ಬಾಗಿಲು ಹಿಡಿದು ಹಾಗೇ ನಿಂತ.

"ಏನಾಯ್ತು?"

"ಏನಿಲ್ಲ ಸಾರ್" ಅಂದ. ಬಾಗಿಲು ಮೆಲ್ಲಗೆ ಹಾಕಿದ. ಅವತ್ತು ಅವನು ನೇರ ಆ ಕಡೆ ಹೋಗಿ ಕೂತ. ಒಂದು ವರ್ಷದಲ್ಲಿ ಅದೇ ಮೊದಲು. ದಾರಿಯಲ್ಲಿ ಎರಡು ಸಲ ಗೇರು ತಪ್ಪಿತು.

ತಮ್ಮ ಮನೆಯ ಅಂಗಳದಲ್ಲಿ ಅಧಿಕಾರಿಗಳು ಬಂಪರಿನ ಹಿಂದೆ ಮಂಡಿಯೂರಿ ಕೂತರು. ಕನ್ನಡಕ ಏರಿಸಿ ನೋಡಿದರು. ಮಾಸಿದ ಹಳದಿ ಪಟ್ಟಿ. ಒಂದು, ಎರಡು, ಮೂರು, ನಾಲ್ಕು. ಮೇಲೆ ಕೆಂಪು ಹೊಲಿಗೆ.

"ಇದ್ದದ್ದಂತೂ ಇದೆ" ಅಂದರು. ಒಳಗೆ ಕೂಗಿ ಹೇಳಿದರು: "ಒಂದು ಬ್ಲೇಡ್ ತನ್ನಿ."

ದರ್ಜಿ ಒಂದು ಹೆಜ್ಜೆ ಮುಂದೆ ಬಂದ. "ಯಾಕೆ ಸಾರ್?"

"ಬಿಚ್ಚಿ ಆ ಟೇಪಿನ ಜೊತೆ ಇಟ್ಟು ನೋಡಬೇಕಲ್ಲ. ಬರೀ ಕಣ್ಣಳತೆಗೆ ಸಹಿ ಹಾಕೋಕಾಗಲ್ಲ."

ಬ್ಲೇಡು ಬಂತು. ಅಧಿಕಾರಿಗಳು ಕಾಗದ ಬಿಡಿಸಿದರು. ಮೊದಲ ಹೊಲಿಗೆಯ ಕೆಳಗೆ ತುದಿ ಹಾಕಿದರು.

"ಸಾರ್" ಅಂದ ದರ್ಜಿ. ಅವನು ಅಷ್ಟು ಜೋರಾಗಿ ಮಾತಾಡಿದ್ದು ಅವನಿಗೇ ಗೊತ್ತಾಗಲಿಲ್ಲ. "ಕಡತ ತಿದ್ದೋದು ಅಪರಾಧ ಸಾರ್. ನಿಮ್ಮ ಸೀಲು ಬಿದ್ದಿದೆ."

ಬ್ಲೇಡು ನಿಂತಿತು. ಅಧಿಕಾರಿಗಳು ಸೀಲು ನೋಡಿದರು. ತಾರೀಖು ನೋಡಿದರು. ಬ್ಲೇಡನ್ನು ಅದು ಬಿಸಿಯಾಗಿದೆ ಅನ್ನುವ ಹಾಗೆ ಕೆಳಗಿಟ್ಟರು. "ಒಳ್ಳೆ ಹೊತ್ತಿಗೆ ಹೇಳಿದಿರಿ."

"ಆ ಟೇಪು ಕೊಡಿ ಸಾರ್. ಅದನ್ನ ತಂದು ಇದಕ್ಕೆ ಇಡಬಹುದು. ಇದನ್ನ ಅದಕ್ಕೆ ಒಯ್ಯೋದು ಬೇಡ."

ಅವನು ಟೇಪಿನ ಮೊಂಡು ತುದಿಯನ್ನು ಬಂಪರಿನ ಪಟ್ಟಿಯ ತುದಿಗೆ ತಾಗಿಸಿದ. ಅವಳು ಅಡುಗೆಮನೆಯ ಕತ್ತರಿಯಿಂದ ಕತ್ತರಿಸಿದ್ದಳು. ಓರೆಯಾಗಿ, ನಡುವೆ ಒಂದು ಕಡೆ ಹಲ್ಲು ಬಿದ್ದ ಹಾಗೆ. ಹಲ್ಲಿಗೆ ಹಲ್ಲು ಕೂತಿತು. ಮೂರು, ನಾಲ್ಕು, ಐದು, ಆರು. ಲೆಕ್ಕ ಎಲ್ಲೂ ತುಂಡಾಗಲಿಲ್ಲ.

ಅಧಿಕಾರಿಗಳು ಎರಡು ಸಲ ಎಣಿಸಿದರು. ಅವರ ಮುಖ ಅರಳಿತು. "ಹಾಗಾದ್ರೆ ಟೇಪು ಪೂರ್ಣ!"

"ಹೌದು ಸಾರ್."

"ನಮ್ಮ ಸ್ವೀಕೃತಿ ಸರಿಯಾಗೇ ಇತ್ತು!"

"ಇತ್ತು ಸಾರ್."

ಅವರು ಎದ್ದು ಮಂಡಿಯ ಮಣ್ಣು ಒರೆಸಿಕೊಂಡರು. ಒಳಗಿಂದ ಚಹಾ ತರಿಸಿದರು. "ಯಾರು ಹೊಲಿದಿದ್ದು ಇದನ್ನ? ನಿಮ್ಮ ಕೈ ಅಲ್ಲ."

"ಮನೆಯವರು."

"ಅವರನ್ನ ಒಂದು ಸಲ ಕಚೇರಿಗೆ ಕರಕೊಂಡು ಬನ್ನಿ, ಹೇಳಿಕೆ ತಗೋಬೇಕು."

ದರ್ಜಿ ಚಹಾದ ಲೋಟ ನೋಡಿದ. "ಅವರು ಇಲ್ಲ ಸಾರ್."

ಅಧಿಕಾರಿಗಳು ತಮ್ಮ ಲೋಟ ಕೆಳಗಿಟ್ಟರು. ಆಮೇಲೆ, "ಹೇಳಿಕೆ ಬೇಡ ಬಿಡಿ. ಹೊಲಿಗೆನೇ ಸಾಕು" ಅಂದರು.

ಸೋಮವಾರ ಆದೇಶ ಹೊರಟಿತು.

"ಕಚೇರಿಯ ಟೇಪಿನ ಮೊದಲ ನಾಲ್ಕು ಅಂಗುಲ ಕಳೆದುಹೋಗಿರುವುದಿಲ್ಲ, ಅದು ದರ್ಜಿಯ ಕಾರಿನ ಬಂಪರಿಗೆ ನಿಯೋಜನೆಯ ಮೇಲೆ ಹೋಗಿರುತ್ತದೆ. ಆದುದರಿಂದ ಟೇಪೂ ಸರಿ, ದಾಖಲೆಯೂ ಸರಿ, ಕಾರುಗಳೂ ಸರಿ. ಇನ್ನು ಮುಂದೆ ಯಾವುದೇ ಕಾರನ್ನು ಅಳೆಯುವ ಮುನ್ನ ಸದರಿ ನಾಲ್ಕು ಅಂಗುಲವನ್ನು ಮೊದಲು ಅಳೆದು, ಕಾರನ್ನು ಉಕ್ಕಿನ ಟೇಪಿನಿಂದ ಅಳೆದು, ಎರಡನ್ನೂ ಕೂಡತಕ್ಕದ್ದು. ಸದರಿ ಅಂಗುಲಗಳನ್ನು ಹೊತ್ತ ಕಾರು ಪ್ರತಿ ಮಂಗಳವಾರ ಕಚೇರಿಯಲ್ಲಿ ಹಾಜರಿರತಕ್ಕದ್ದು. ಉಳಿದ ದಿನ ಮನೆಯಲ್ಲಿರಬಹುದು. ಸದರಿ ಹೊಲಿಗೆಗಳನ್ನು ಯಾರೂ ಬಿಚ್ಚತಕ್ಕದ್ದಲ್ಲ. ನೆಟ್ಟಗೆ ಮಾಡತಕ್ಕದ್ದಲ್ಲ."

ನೂರ ನಲವತ್ತೆಂಟಕ್ಕೆ ನಾಲ್ಕು ಕೂಡಿದರೆ ನೂರ ಐವತ್ತೆರಡು. ಎಲ್ಲರಿಗೂ ಸಮಾಧಾನವಾಯಿತು. ಈಗಾಗಲೇ ಬಂಪರ್ ಎಳೆಸಿಕೊಂಡಿದ್ದ ಮುನ್ನೂರು ಚಿಲ್ಲರೆ ಕಾರುಗಳು ಮಾತ್ರ ಈಗ ನಾಲ್ಕು ಅಂಗುಲ ಹೆಚ್ಚಾದವು. ಟಿಂಕರ್ ಅವನ್ನು ಒಳಗೆ ತಳ್ಳಲು ಶುರು ಮಾಡಿದ. ಡಾಕ್ಟರು 'ಹೆಚ್ಚುವರಿ ಉದ್ದದ ಅನುಮತಿ' ಪಡೆದರು. ಅಡುಗೆಯವಳು ಬಂಪರ್ ಬಿಟ್ಟುಕೊಡಲು ಒಪ್ಪಲಿಲ್ಲವಂತೆ.

ಚಳಿ ಬಂದಾಗ ಏಳನೆಯ ಹೊಲಿಗೆ ತುಂಡಾಯಿತು. ಆದೇಶದ ಪ್ರಕಾರ ಹೊಸದಾಗಿ ಹಾಕಿದರೂ ಅದು ಮೊದಲಿದ್ದ ಹಾಗೇ ಸೊಟ್ಟಗಿರಬೇಕು. ದರ್ಜಿ ಖಾಕಿ ಚೂರಿನ ಮೇಲೆ ಮಾದರಿ ಹೊಲಿದು ಅಧಿಕಾರಿಗಳಿಗೆ ತೋರಿಸಿದ. ಅವರು ಭೂತಗನ್ನಡಿ ಹಿಡಿದರು.

"ನೆಟ್ಟಗಿದೆ."

ಮುಂದಿನ ಮಂಗಳವಾರ ಇನ್ನೊಂದು ತಂದ. "ಇದು ಬೇಕಂತಲೇ ಸೊಟ್ಟ ಮಾಡಿದ ಹಾಗಿದೆ" ಅಂದರು. ನಾದಿನಿಯನ್ನು ಕರೆಸಿ ಅಭಿಪ್ರಾಯ ಕೇಳಿದರು. ಅವಳು ಚೂರನ್ನು ತಿರುಗಿಸಿ ನೋಡಿದಳು. "ಭಾವ, ಅಕ್ಕ ಹೊಲಿಯೋವಾಗ ನಿಮಗೆ ಗೊತ್ತಾಗಬಾರದು ಅಂತ ಹೆದರಿಕೊಂಡಿದ್ಲು. ನೀವು ಯಾರಿಗೆ ಹೆದರ್ತೀರಿ?" ಅಂದಳು. ಅದನ್ನೂ ಬರೆದುಕೊಂಡರು.

ಅವನು ಈಗಲೂ ಪ್ರತಿ ಮಂಗಳವಾರ ಒಂದು ಚೂರು ತರುತ್ತಾನೆ. ಅಭ್ಯಾಸದ ದೆಸೆಯಿಂದ ಗಿರಾಕಿಗಳ ಅಂಗಿಯ ಗುಂಡಿಮನೆಗಳೂ ಸ್ವಲ್ಪ ಸೊಟ್ಟವಾಗಿವೆ. ಹೆಡ್‌ಮಾಸ್ತರರು ಅಂಥ ಅಂಗಿಯನ್ನೇ ಹಾಕಿಕೊಂಡು ಓಡಾಡುತ್ತಾರೆ. ಸರ್ಕಾರಿ ಕೆಲಸ, ಏನು ಮಾಡುವುದು ಅನ್ನುತ್ತಾರೆ.

ಅಳತೆಯ ವಿಧಾನವನ್ನು ಈಚೆಗೆ ಅಚ್ಚು ಹಾಕಿಸಿ ಗೇಟಿನಲ್ಲಿ ತೂಗುಹಾಕಿದ್ದಾರೆ. ದರ್ಜಿಯ ಕಾರು ಕಚೇರಿಯಲ್ಲಿ ಹೇಗೆ ಚಲಿಸಿತೋ ಹಾಗೇ ಗುಮಾಸ್ತ ಕಿಟಕಿಯಿಂದ ನೋಡಿ, ಒಂದನ್ನೂ ಬಿಡದೆ ಬರೆದಿದ್ದ. ಮೊದಲನೆಯ ಕಲಮು ಹೀಗಿದೆ: "ಚಾಲಕರು ಮೊದಲು ಪಕ್ಕದ ಸೀಟಿನಲ್ಲಿ ಕೂರತಕ್ಕದ್ದು. ಬೇಕಾದಷ್ಟು ಹೊತ್ತು ಕಾಯತಕ್ಕದ್ದು. ಆನಂತರ ಇಳಿದು, ಸುತ್ತಿ ಬಂದು, ಕಾರು ಚಲಾಯಿಸತಕ್ಕದ್ದು."

ಯಾಕೆ ಅಂತ ಯಾರೂ ಕೇಳಲಿಲ್ಲ. ಮಂಗಳವಾರ ಬೆಳಿಗ್ಗೆ ಕಚೇರಿಯ ಮುಂದೆ ಹಳೆಯ ಕಾರುಗಳ ಸಾಲು ನಿಲ್ಲುತ್ತದೆ. ಡಾಕ್ಟರು, ಹೆಡ್‌ಮಾಸ್ತರರು, ಟಿಂಕರ್, ಎಲ್ಲರೂ ಪಕ್ಕದ ಸೀಟಿನಲ್ಲಿ ಕೂತು, ಮುಂದೆ ನೋಡುತ್ತ, ಮಾತಾಡದೆ ಕಾಯುತ್ತಿರುತ್ತಾರೆ. ಸಾಲಿನ ಮುಂದಿನ ತುದಿಯಲ್ಲಿ ದರ್ಜಿಯ ಕಾರು. ಅವನು ಇಳಿಯುವವರೆಗೆ ಯಾರೂ ಇಳಿಯುವುದಿಲ್ಲ. ಯಾರೂ ಹಾರ್ನ್ ಬಾರಿಸುವುದಿಲ್ಲ.